ಕಟ್ಟಿದ ಕಂತಿನ ಮೋಹ ಬಿಡಿಸಿ ಲೆಕ್ಕ ನೋಡುವುದು ಹೇಗೆ?

ಹಳೆಯ ವಿಮಾ ಪಾಲಿಸಿಯನ್ನು ಮುಂದುವರಿಸುವುದೋ, ಸರೆಂಡರ್ ಮಾಡುವುದೋ, ಅಂದರೆ ಅವಧಿಗೆ ಮೊದಲೇ ಬಿಟ್ಟು ಸಿಕ್ಕಷ್ಟು ಹಣ ವಾಪಸ್ ಪಡೆಯುವುದೋ? ಈ ಪ್ರಶ್ನೆ ಎದ್ದ ಕೂಡಲೇ ಮನೆಯಲ್ಲಿ ಕೇಳಿಬರುವ ಮಾತು: ‘ಇಷ್ಟು ವರ್ಷ ಕಟ್ಟಿದ್ದೇವೆ, ಬಿಟ್ಟರೆ ಎಲ್ಲ ಹೋಗುತ್ತದೆ.’ ಗಳಿಕೆಯ ಖುಷಿಗಿಂತ ಕಳೆದುಕೊಂಡ ನೋವೇ ಮನಸ್ಸಿಗೆ ಭಾರ ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ವಿವರಿಸಿದ್ದರು. ಆ ನೋವನ್ನು ಬದಿಗಿಟ್ಟು ಲೆಕ್ಕ ನೋಡಲು ಎಐ ಚಾಟ್‌ಬಾಟ್ ನೆರವಾಗುತ್ತದೆ. ಆದರೆ ಕೇಳುವ ರೀತಿ ಸರಿಯಿರಬೇಕು.

ಮೊದಲು ಇಂದಿನ ಸರೆಂಡರ್ ಮೌಲ್ಯವನ್ನು ಕಂಪನಿಯಿಂದ ಬರಹದಲ್ಲೇ ಪಡೆಯಿರಿ. ಒಂದು ಉದಾಹರಣೆ: 20 ವರ್ಷದ ಪಾಲಿಸಿ, ವರ್ಷಕ್ಕೆ 40,000 ರೂಪಾಯಿ ಕಂತು, ನಾಲ್ಕು ಕಂತು ಕಟ್ಟಿಯಾಗಿದೆ. ಕೊನೆಗೆ ಸಿಗುವುದು 12 ಲಕ್ಷ, ಈಗಲೇ ಬಿಟ್ಟರೆ 80,000 ಎಂದುಕೊಳ್ಳಿ.

ಚಾಟ್‌ಬಾಟ್‌ಗೆ ಕಟ್ಟಿದ 1.6 ಲಕ್ಷದ ಸುದ್ದಿಯನ್ನೇ ಹೇಳಬೇಡಿ. ಪಾಲಿಸಿ ಮುಂದುವರಿಸುವುದೆಂದರೆ, ಇಂದು ಕೈಗೆ ಬರಬಹುದಾದ 80,000ವನ್ನು ಅಲ್ಲೇ ಬಿಟ್ಟು ಉಳಿದ 16 ಕಂತು ಕಟ್ಟುವುದು. ಹೀಗೆ ಕೇಳಿ: ‘ಇಂದು 80,000 ರೂಪಾಯಿ ಇಡುತ್ತೇನೆ. ಜೊತೆಗೆ ಇಂದಿನಿಂದ ವರ್ಷಕ್ಕೊಮ್ಮೆ 40,000ದಂತೆ 16 ಬಾರಿ ಹಾಕುತ್ತೇನೆ. 16 ವರ್ಷ ತುಂಬಿದಾಗ 12 ಲಕ್ಷ ಬರುತ್ತದೆ. ವಾರ್ಷಿಕ ಪ್ರತಿಫಲ ಎಷ್ಟು? ಲೆಕ್ಕವನ್ನು ಬಿಡಿಸಿ ತೋರಿಸಿ.’ ಉತ್ತರ ಸುಮಾರು ಶೇ 5.3. ಚಾಟ್‌ಬಾಟ್‌ಗಳು ಕೆಲವೊಮ್ಮೆ ಕೂಡು-ಕಳೆಯಲ್ಲೂ ಎಡವುತ್ತವೆ, ಹಾಗಾಗಿ ಎಕ್ಸೆಲ್‌ನ ‘ರೇಟ್’ ಸೂತ್ರದಲ್ಲಿ ತಾಳೆ ನೋಡಿ.

ಮೊದಲ ಕಂತಿನಿಂದ ಲೆಕ್ಕ ಹಿಡಿದರೆ ಇದೇ ಪಾಲಿಸಿಯ ಪ್ರತಿಫಲ ಸುಮಾರು ಶೇ 3.7. ಅಂದು ಕೊಂಡದ್ದು ತಪ್ಪಾಗಿರಬಹುದು. ಇಂದಿನ ತೀರ್ಮಾನಕ್ಕೆ ಬೇಕಾದದ್ದು ಶೇ 5.3 ಮಾತ್ರ. ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಬಡ್ಡಿ ಶೇ 7.1. ನೀವು ಹಣ ಹಾಕಲಿರುವ ಕಡೆಯ ಈಗಿನ ದರದೊಂದಿಗೆ ಹೋಲಿಸಿ.

‘ಬಿಡಬೇಕು ಅನ್ನಿಸುತ್ತಿದೆ’ ಎಂದು ಸುಳಿವು ಕೊಟ್ಟರೆ ಚಾಟ್‌ಬಾಟ್ ಅದಕ್ಕೇ ತಾಳ ಹಾಕುವ ಸಾಧ್ಯತೆ ಹೆಚ್ಚು. ಆದ್ದರಿಂದ ಎರಡು ಹೊಸ ಚಾಟ್ ತೆರೆದು, ಒಂದರಲ್ಲಿ ಮುಂದುವರಿಸಲು, ಇನ್ನೊಂದರಲ್ಲಿ ಬಿಡಲು ಕಾರಣಗಳನ್ನು ಕೇಳಿ. ಪಾಲಿಸಿ ಸಂಖ್ಯೆ, ಆಧಾರ್ ವಿವರ ಕೊಡಬೇಡಿ.

ಮುಂದಿನದು ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಉಪಾಯ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ‘ಪಾಲಿಸಿ ಬಿಟ್ಟು ಐದು ವರ್ಷವಾಗಿದೆ, ನಿರ್ಧಾರ ಪೂರ್ತಿ ಕೆಟ್ಟಿದೆ. ಏನಾಗಿರಬಹುದು?’ ಎಂದು ಕೇಳಿ. ಕಂತು ಕಟ್ಟದೆ ಉಳಿದ 40,000 ವರ್ಷವರ್ಷವೂ ಹಬ್ಬ, ಹೊಸ ಮೊಬೈಲ್ ಎಂದು ಕರಗಿದ್ದು ಅಲ್ಲಿ ಕಣ್ಣಿಗೆ ಬೀಳುತ್ತದೆ. ಪಾಲಿಸಿಯ ದೊಡ್ಡ ಗುಣವೇ ಬಲವಂತದ ಉಳಿತಾಯ. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ರೂಪಿಸಿದ ಯೋಜನೆಯಲ್ಲಿ ಸಂಬಳ ಏರಿದಾಗಲೆಲ್ಲ ಉಳಿತಾಯದ ಪಾಲು ತಾನಾಗಿ ಏರುತ್ತಿತ್ತು. ಪ್ರತಿ ಸಲ ಮನಸ್ಸು ಗಟ್ಟಿ ಮಾಡಿಕೊಳ್ಳುವ ಕೆಲಸವಿರಲಿಲ್ಲ. ನೀವೂ ಸಂಬಳದ ಮರುದಿನವೇ ಹಣ ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ.

ಮನೆಯವರು ನಿಮ್ಮ ದುಡಿಮೆಯನ್ನೇ ನಂಬಿದ್ದರೆ, ಹೊಸ ಟರ್ಮ್ ವಿಮೆಯ (ಉಳಿತಾಯವಿಲ್ಲದ, ಜೀವ ರಕ್ಷಣೆಗಷ್ಟೇ ಇರುವ ವಿಮೆ) ಪತ್ರ ಕೈಗೆ ಬಂದ ಮೇಲೆಯೇ ಸರೆಂಡರ್ ಅರ್ಜಿಗೆ ಸಹಿ ಹಾಕಿ.