ಡೈಗಿಂತ ಮುಂಚೆ ನೀರು: ನನ್ನ ಅನುಭವ

ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಚೆನ್ನಾಗಿ ಕೂತಿರುತ್ತದೆ, ಆದರೆ ರಕ್ತನಾಳ ಎಕ್ಸ್‌ರೇಯಲ್ಲಿ ಕಾಣಲಿ ಅಂತ ಹಾಕಿದ ಡೈ ಕಿಡ್ನಿಗೆ ಪೆಟ್ಟು ಕೊಟ್ಟು ಮೂರನೇ ದಿನ ಮೂತ್ರ ನಿಲ್ಲುತ್ತದೆ. ಆಂಜಿಯೋಗ್ರಾಂ, ಸ್ಟೆಂಟ್ ಮಾಡುವ ಕ್ಯಾತ್ ಲ್ಯಾಬಿನವರಿಗೆ ಈ ಸಂಕಟ ಗೊತ್ತಿದ್ದದ್ದೇ ಅಲ್ವಾ. ನನಗೆ ಪಾಠ ಕಲಿಸಿದ್ದು ಒಬ್ಬ ಅಜ್ಜ. ಸಕ್ಕರೆ ಕಾಯಿಲೆ, ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ ಆಗಲೇ 1.8. ಬೆಳಗ್ಗೆ ಎರಡನೇ ಕೇಸ್ ಆಗಬೇಕಿತ್ತು. ನಡುವೆ ಎಮರ್ಜೆನ್ಸಿ ಬಂದು ಅವರ ಸರದಿ ಮಧ್ಯಾಹ್ನ ಮೂರಕ್ಕೆ ಬಂತು. ಹಿಂದಿನ ರಾತ್ರಿ ಹತ್ತರಿಂದ ಒಂದು ಹನಿ ನೀರು ಕುಡಿದಿರಲಿಲ್ಲ. ನಾಲಿಗೆ ಒಣಗಿ ಅಂಟಿಕೊಂಡಿತ್ತು. ನೋಡಿಯೂ ಕೇಸ್ ಮಾಡಿದೆ. ಡೈ ಸುಮಾರು 180 ಎಂಎಲ್ ಹೋಯಿತು. ಕ್ರಿಯಾಟಿನಿನ್ 4 ದಾಟಿ, ನಾಲ್ಕು ಸಲ ಡಯಾಲಿಸಿಸ್ ಆಯಿತು. ಮಗ ಹಸು ಮಾರಿ ದುಡ್ಡು ತಂದ.

ಆಮೇಲೆ ಎಲ್ಲ ಮಾಡಿ ನೋಡಿದೆ. ಕಿಡ್ನಿ ಕಾಯುತ್ತದೆ ಅಂತ ಎನ್‌ಎಸಿ (ಅಸಿಟೈಲ್‌ಸಿಸ್ಟೀನ್) ಔಷಧಿ ಕೊಟ್ಟೆ, ಬೈಕಾರ್ಬ್ (ಸೋಡಿಯಂ ಬೈಕಾರ್ಬೊನೇಟ್) ಡ್ರಿಪ್ ಹಾಕಿದೆ. 2018ರ ಪ್ರಿಸರ್ವ್ ಟ್ರಯಲ್‌ನಲ್ಲಿ ಸುಮಾರು ಐದು ಸಾವಿರ ಜನರ ಮೇಲೆ ನೋಡಿ, ಎರಡರಿಂದಲೂ ಪ್ರಯೋಜನ ಇಲ್ಲ ಅಂದರು. ಅಷ್ಟು ವರ್ಷ ಸುಮ್ನೆ ಜನರ ಕೈಯಲ್ಲಿ ದುಡ್ಡು ಖರ್ಚು ಮಾಡಿಸಿದ್ದೆ. ಕಿಡ್ನಿಗೆ ಸೌಮ್ಯ ಅನ್ನುವ ದುಬಾರಿ ಡೈ ಅಯೋಡಿಕ್ಸನಾಲ್ ಕೂಡ ಬಳಸಿದೆ. ಡೈ ಬದಲಿಸಿದ್ದಕ್ಕಿಂತ ಕಡಿಮೆ ಮಾಡಿದ್ದೇ ನನಗೆ ಜಾಸ್ತಿ ಕೆಲಸಕ್ಕೆ ಬಂತು.

ಕೊನೆಗೆ ಕೈಹಿಡಿದದ್ದು 2014ರ ಪೊಸೈಡನ್ ಟ್ರಯಲ್‌ನ ಲೆಕ್ಕ: ಹೃದಯದೊಳಗಿನ ಪ್ರೆಷರ್ ಅಳೆದು, ಅದಕ್ಕೆ ತಕ್ಕಷ್ಟು ಸಲೈನ್ ಓಡಿಸುವುದು. "ಹಾರ್ಟ್ ಪೇಷಂಟಿಗೆ ಇಷ್ಟು ಸಲೈನಾ? ಶ್ವಾಸಕೋಶದಲ್ಲಿ ನೀರು ತುಂಬ್ಕೊಳ್ಳುತ್ತೆ" ಅಂತ ಹಿರಿಯರೆಲ್ಲ ಬೈದರು. ಅವರ ಭಯ ಸುಳ್ಳಲ್ಲ. ಶುರುವಿನಲ್ಲಿ ಇಎಫ್ (ಹೃದಯ ಪಂಪ್ ಮಾಡುವ ಶಕ್ತಿ) 30 ಮಾತ್ರ ಇದ್ದ ಒಬ್ಬರಿಗೆ ಪ್ರೆಷರ್ ಅಳೆಯದೇ ಸಲೈನ್ ಓಡಿಸಿದ್ದೆ. ನಡುರಾತ್ರಿ ಕೆಮ್ಮು, ಏದುಸಿರು. ಮೂತ್ರ ಹೆಚ್ಚಿಸುವ ಲೇಸಿಕ್ಸ್ ಕೊಟ್ಟು ಬೆಳಗಿನವರೆಗೆ ಪಕ್ಕದಲ್ಲೇ ಕೂತಿದ್ದೆ. ಅಲ್ಲಿಂದ ಅಳೆಯದೇ ಒಂದು ಕೇಸೂ ಮಾಡಿಲ್ಲ.

ಕೇಸಿಗೆ ಒಂದು ಗಂಟೆ ಮೊದಲು ಕಿಲೋಗೆ 3 ಎಂಎಲ್ ಸಲೈನ್. ಡೈ ಮುಟ್ಟುವ ಮೊದಲೇ ಪಿಗ್‌ಟೇಲ್ ಎಂಬ ತೆಳು ನಳಿಕೆ ಹೃದಯದೊಳಗಿಟ್ಟು ಎಲ್‌ವಿಇಡಿಪಿ, ಅಂದರೆ ಎಡ ಹೃತ್ಕುಕ್ಷಿ ತುಂಬಿದಾಗಿನ ಪ್ರೆಷರ್ ನೋಡುತ್ತೇನೆ. 13ಕ್ಕಿಂತ ಕಡಿಮೆ ಇದ್ದರೆ ಗಂಟೆಗೆ ಕಿಲೋಗೆ 5 ಎಂಎಲ್, 13ರಿಂದ 18 ಇದ್ದರೆ 3, ಅದಕ್ಕೂ ಮೇಲಿದ್ದರೆ 1.5. ಕೇಸ್ ಮುಗಿದು ನಾಲ್ಕು ಗಂಟೆವರೆಗೆ ಓಡಬೇಕು. ಡೈ ಹಾಕಿ ಎಡ ಹೃತ್ಕುಕ್ಷಿ ನೋಡುವ ಎಲ್‌ವಿ ಗ್ರಾಮ್ ಬಿಟ್ಟೆ, ಎಕೋ ಸಾಕು. ಡೈ ಎಷ್ಟು ಎಂಎಲ್ ಅನ್ನುವುದು ಇಜಿಎಫ್‌ಆರ್‌ನ (ಕಿಡ್ನಿ ರಕ್ತ ಸೋಸುವ ವೇಗದ ಅಂಕೆ) ಎರಡರಷ್ಟು ದಾಟಬಾರದು. ಸಿಸ್ಟರ್ ಜೋರಾಗಿ "ಅರವತ್ತಾಯ್ತು ಸಾರ್" ಅಂತ ಹೇಳುತ್ತಿರುತ್ತಾರೆ. ಸಿರಿಂಜಿನಲ್ಲಿ ಡೈ ಉಳಿಸುವ ನನ್ನ ಕೈಚಳಕ ಬರೆದರೆ ತಿಳಿಯುವಂಥದ್ದಲ್ಲ, ಲ್ಯಾಬಿಗೆ ಬನ್ನಿ, ತೋರಿಸುತ್ತೇನೆ.

ಕೇಸಿಗೆ ಎರಡು ಗಂಟೆ ಮುಂಚಿನವರೆಗೆ ನೀರು ಕುಡಿಯಲು ಬಿಡುತ್ತೇನೆ. ನಡುವೆ ಎಳನೀರೂ ಕೊಟ್ಟು ನೋಡಿದ್ದೆ. ಒಬ್ಬರಿಗೆ ರಕ್ತದಲ್ಲಿ ಪೊಟ್ಯಾಶಿಯಂ ಮಿತಿ ಮೀರಿ 5.8 ಆಯಿತು, ಅಲ್ಲಿಗೇ ನಿಲ್ಲಿಸಿದೆ.

ಮೂರು ವರ್ಷದಲ್ಲಿ ಕಿಡ್ನಿ ವೀಕ್ ಇದ್ದವರು ಸುಮಾರು 250 ಮಂದಿ ಆಗಿರಬಹುದು. ಮೊದಲು ಏಳೆಂಟು ಜನರಲ್ಲಿ ಒಬ್ಬರಿಗೆ ಕ್ರಿಯಾಟಿನಿನ್ ಏರುತ್ತಿತ್ತು, ಈಗ ಇಪ್ಪತ್ತರಲ್ಲಿ ಒಬ್ಬರಿಗೆ. ಸಲೈನ್ ಖರ್ಚು ನೂರು, ನೂರೈವತ್ತು ರೂಪಾಯಿ. ಒಂದು ಸಲದ ಡಯಾಲಿಸಿಸ್‌ಗೆ ಅದರ ಹತ್ತು ಪಟ್ಟಾದರೂ ಬೇಕು.

ಮೊದಲು ಬೈದಿದ್ದ ಹಿರಿಯರೊಬ್ಬರು ಹೋದ ವಾರ ಲ್ಯಾಬಿನಿಂದಲೇ ಫೋನ್ ಮಾಡಿದ್ದರು. "ಅರವತ್ತು ಕೆಜಿ, ಇಡಿಪಿ 16 ಬಂದಿದೆ. ಎಷ್ಟು ಓಡಿಸ್ಲಪ್ಪಾ?"

"ಗಂಟೆಗೆ 180 ಓಡಿಸಿ ಸಾರ್" ಅಂದೆ.