ಮಡಿಸಿಟ್ಟ ಹಾಳೆಯ ಬೆಲೆ: ಧ್ರುವಯಾನದ ಹಳೆಯ ಪುಸ್ತಕಗಳೊಂದಿಗೆ ನನ್ನ ಅನುಭವ

ಧ್ರುವಸಮುದ್ರಗಳ ಯಾನವನ್ನು ಕುರಿತ ಹಳೆಯ ಪುಸ್ತಕಗಳನ್ನು ಕೂಡಿಸತೊಡಗಿದ ಮೇಲೆ ನಾನು ಕಲಿತ ಮುಖ್ಯ ಪಾಠವೆಂದರೆ, ರಟ್ಟಿನ ಅಂದಕ್ಕಿಂತ ಮೊದಲು ಒಳಗೆ ಮಡಿಸಿಟ್ಟ ನಕ್ಷೆಗಳನ್ನು ನೋಡಬೇಕು ಎಂಬುದು. ನಾರ್ವೆಯ ಧ್ರುವಯಾನಿ ನಾನ್ಸೆನ್ ಅವರ ‘ಫಾರ್ದೆಸ್ಟ್ ನಾರ್ತ್’ ಕೃತಿಯ 1897ರ ಎರಡು ಸಂಪುಟಗಳು ಬದಿಯಡ್ಕದ ಸಮೀಪದ ನಮ್ಮ ಮನೆಗೆ ಸುಸ್ಥಿತಿಯಲ್ಲೇ ಬಂದಿದ್ದುದರಿಂದ ನನಗೆ ಆ ಎಚ್ಚರ ಇರಲಿಲ್ಲ. ಮುಂದೆ, ಆರ್ಕ್ಟಿಕ್ ಸಮುದ್ರದಲ್ಲಿ ಕಾಣೆಯಾದ ಬ್ರಿಟಿಷ್ ನೌಕಾಧಿಕಾರಿ ಫ್ರಾಂಕ್ಲಿನ್ ಅವರ ತಂಡವನ್ನು ಹುಡುಕಿ ಹೊರಟ ಮೆಕ್ಲಿಂಟಾಕ್ ಅವರ ‘ಫಾಕ್ಸ್’ ಹಡಗಿನ ಯಾನಕಥನದ 1859ರ ಮುದ್ರಣವನ್ನು ಒಬ್ಬ ವ್ಯಾಪಾರಿಯಿಂದ ‘ಸಂಪೂರ್ಣ ಪ್ರತಿ’ ಎಂಬ ಮಾತನ್ನು ನಂಬಿ ತರಿಸಿದೆ. ಅಂಚೆಯ ಕಟ್ಟು ಬಿಚ್ಚಿ, ಮುಂಭಾಗದ ಚಿತ್ರಪಟ್ಟಿಯೊಂದಿಗೆ ಹಾಳೆಗಳನ್ನು ತಾಳೆ ನೋಡಿದಾಗ, ಆ ಯಾನದಲ್ಲಿ ಸಿಕ್ಕ ಫ್ರಾಂಕ್ಲಿನ್ ತಂಡದ ಟಿಪ್ಪಣಿಯ ಯಥಾಪ್ರತಿಯನ್ನು ಹೊಲಿಗೆಯ ಬುಡದಲ್ಲೇ ಕತ್ತರಿಸಿ ತೆಗೆದಿರುವುದು ಕಂಡಿತು. ಆ ದಿನ ನನಗಾದ ಸಂಕಟ ಹಣ ಹೋದುದಕ್ಕಲ್ಲ.

ಏಕೆಂದರೆ ಆ ಹಾಳೆಯೇ ಪುಸ್ತಕದ ಜೀವ. ಎರಡು ವರ್ಷಗಳ ಬಳಿಕ ಸಿಕ್ಕ ಇನ್ನೊಂದು ಪ್ರತಿಯಲ್ಲಿ ಅದನ್ನು ಮೇಜಿನ ಮೇಲೆ ಬಿಡಿಸಿ ನೋಡಿದೆ. ಆರು ಭಾಷೆಗಳಲ್ಲಿ ಅಚ್ಚಾದ ನೌಕಾಪಡೆಯ ನಮೂನೆ. ನಡುವೆ 1847ರ ಮೇ 28ರಂದು ಎಲ್ಲರೂ ಕ್ಷೇಮವೆಂದು ಬರೆದ ಸಾಲುಗಳು. ಅವುಗಳ ಸುತ್ತ, ಅಂಚಿನಲ್ಲಿ ಉಳಿದಿದ್ದ ಜಾಗದಲ್ಲೇ ಕಾಗದವನ್ನು ತಿರುಗಿಸುತ್ತಾ 1848ರ ಏಪ್ರಿಲ್ 25ರಂದು ಸೇರಿಸಿದ ಬರಹ. ಫ್ರಾಂಕ್ಲಿನ್ 1847ರ ಜೂನ್ 11ರಂದೇ ತೀರಿಕೊಂಡರೆಂದೂ, ಒಟ್ಟು 24 ಮಂದಿ ಸತ್ತಿದ್ದು, ಉಳಿದ 105 ಮಂದಿ ಹಡಗುಗಳನ್ನು ಬಿಟ್ಟು ಬಂದಿದ್ದಾರೆಂದೂ ಅದು ತಿಳಿಸುತ್ತದೆ. ಬೀಚಿ ದ್ವೀಪದಲ್ಲಿ ಚಳಿಗಾಲ ಕಳೆದ ವರ್ಷವನ್ನು ಮೊದಲ ಬರಹದಲ್ಲಿ ತಪ್ಪಾಗಿ ನಮೂದಿಸಿದ್ದೂ ಹಾಗೆಯೇ ಉಳಿದಿದೆ. ಇದೇ ಮಾತುಗಳನ್ನು ಸಾಲಾಗಿ ಅಚ್ಚಿನಲ್ಲಿ ಓದಿದರೆ ಆ ಅಂಚಿನ ಇಕ್ಕಟ್ಟು ಅರಿವಿಗೆ ಬರುವುದಿಲ್ಲ.

ಈಗ ಪ್ರತಿಯೊಂದು ನಕ್ಷೆಯನ್ನೂ ಬಿಡಿಸಿ ತೆಗೆದ ಚಿತ್ರವನ್ನು ಕಾಣದೆ ನಾನು ಹಣ ಕಳುಹಿಸುವುದಿಲ್ಲ. ಹಿಂಬದಿ ರಟ್ಟಿನ ಜೇಬನ್ನೂ ತೆರೆದು ತೋರಿಸಲು ಕೇಳುತ್ತೇನೆ.

ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಪುಸ್ತಕವನ್ನು ಕಾಪಾಡುವುದು ಕೊಳ್ಳುವುದಕ್ಕಿಂತ ಕಷ್ಟ. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರವಿಟ್ಟಿದ್ದೇನೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ತೇವ ನಿಂತು ಬೂಸಲು ಬರುವುದರಿಂದ ಅದನ್ನು ಪೂರ್ತಿ ಬಿಟ್ಟೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಮಳೆ ಬಿಟ್ಟು ಹೊಳವು ಸಿಕ್ಕ ದಿನ ಬಾಗಿಲು ತೆರೆದು ಗಾಳಿಯಾಡಿಸುತ್ತೇನೆ. ಹರಿದ ಮಡಿಕೆಗೆ ಅಂಟುಪಟ್ಟಿ ಹಚ್ಚುವುದಿಲ್ಲ, ತೆಳುವಾದ ಜಪಾನಿ ಕಾಗದವನ್ನು ಗೋಧಿಪಿಷ್ಟದ ಅಂಟಿನಿಂದ ಹಿಂಬದಿಗೆ ಕೂರಿಸುತ್ತೇನೆ. ‘ಫಾಕ್ಸ್’ನ ಆ ಹಾಳೆಯ ಎಡ ಮಡಿಕೆ ಒಂದು ಅಂಗುಲದಷ್ಟು ಸೀಳಿದೆ, ಮಳೆ ಹಿಂದೆ ಸರಿದು ಹವೆ ಒಣಗಿದ ಮೇಲೆ ಅದನ್ನು ಕೈಗೆತ್ತಿಕೊಳ್ಳುತ್ತೇನೆ.