ಫ್ಲಶ್‌ಗೆ ಕಾಯುವಾಗ ನಾನು ಹಾಕುವ ಲೆಕ್ಕ

ತುಮಕೂರಿನಲ್ಲಿ ಹುಣಸೆ ಬೀಜಕ್ಕೆ ಬರವಿಲ್ಲ. ನಮ್ಮ ಮನೆಯ ಪೋಕರ್‌ಗೆ ಅವೇ ಚಿಪ್ಸ್, ದುಡ್ಡಿನ ಮಾತೇ ಇಲ್ಲ. ಕೊನೆಗೆ ಯಾರ ಹತ್ತಿರ ಬೀಜ ಕಮ್ಮಿಯೋ ಅವರು ಎಲ್ಲರಿಗೂ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕು. ಅಷ್ಟಿದ್ದರೆ ಸಾಕು, ಯಾರೂ ಸುಮ್ನೆ ಬೆಟ್ ಕಟ್ಟುವುದಿಲ್ಲ. ಇಂಪ್ಲೈಡ್ ಆಡ್ಸ್, ಅಂದರೆ ಬೇಕಾದ ಎಲೆ ಬಿದ್ದ ಮೇಲೆ ಎದುರಿನವರಿಂದ ಇನ್ನೂ ಎಷ್ಟು ಬರಬಹುದು ಅನ್ನುವ ಲೆಕ್ಕ, ನನಗೆ ಚೆನ್ನಾಗಿ ಅರ್ಥವಾಗಿದ್ದು ಈ ಬೀಜ ಎಣಿಸುತ್ತಲೇ.

ಕೈಯಲ್ಲಿ ಆಟೀನ್ ಎಕ್ಕ, ಆಟೀನ್ ಆರು ಇದೆ ಅಂದುಕೊಳ್ಳಿ. ಟರ್ನ್, ಅಂದರೆ ಮೇಜಿನ ಮೇಲಿನ ನಾಲ್ಕನೇ ಎಲೆ, ಬಿದ್ದಿದೆ. ಇನ್ನೊಂದೇ ಎಲೆ ಬಾಕಿ. ಮೇಜಿನ ಮೇಲೆ ಎರಡು ಆಟೀನ್, ಜೋಡಿ ಯಾವುದೂ ಇಲ್ಲ. ಇನ್ನೊಂದು ಆಟೀನ್ ಬಿದ್ದರೆ ಒಂದೇ ಜಾತಿಯ ಐದು ಎಲೆ, ಅದೇ ಫ್ಲಶ್. ಪಾಟ್‌ನಲ್ಲಿ, ಅಂದರೆ ನಡುವಿನ ಗುಡ್ಡೆಯಲ್ಲಿ, 30 ಬೀಜ, ಎದುರಿನವರು 15 ಹಾಕಿದರು. ನಾನು 15 ಕೊಟ್ಟು, ಅಂದರೆ ಕಾಲ್ ಮಾಡಿ, 45ಕ್ಕೆ ಆಡಬೇಕು. ನನಗೆ ಕಾಣದ ಎಲೆ 46. ಬೇಕಾದದ್ದು ಉಳಿದ 9 ಆಟೀನ್, ಬೇಡದ್ದು 37.

ಹೀಗೇ 46 ಸಲ ಕಾಲ್ ಮಾಡಿದರೆ? 37 ಸಲ 15 ಹೋಗಿ 555 ನಷ್ಟ. 9 ಸಲ 45 ಬಂದು 405 ಲಾಭ. 150 ಕಮ್ಮಿ ಬಿತ್ತು. ಪಾಟ್ ಆಡ್ಸ್, ಅಂದರೆ ಈಗ ಪಾಟ್‌ನಲ್ಲಿರುವ ಲೆಕ್ಕ, ಮಾತ್ರ ನೋಡುವವರು ಇಲ್ಲೇ ಎಲೆ ಕೆಳಗಿಟ್ಟು ಫೋಲ್ಡ್ ಮಾಡುತ್ತಾರೆ. ನಾನು ಆ 150 ಅನ್ನು 9ರಿಂದ ಭಾಗಿಸುತ್ತೇನೆ. ಸುಮಾರು 17. ಫ್ಲಶ್ ಬಿದ್ದಾಗಲೆಲ್ಲ ರಿವರ್‌ನಲ್ಲಿ, ಅಂದರೆ ಆ ಕೊನೆಯ ಎಲೆ ಬಿದ್ದ ಮೇಲಿನ ಬೆಟ್‌ನಲ್ಲಿ, ಸರಾಸರಿ ಇನ್ನೂ 17 ಬೀಜ ಎದುರಿನವರಿಂದ ಬಂದರೆ ಕೈಗೆ ಕೈ ಸರಿ. ಅದಕ್ಕಿಂತ ಜಾಸ್ತಿ ಬಂದರೆ ಲಾಭ.

ಆಮೇಲೆ ಎದುರಿನವರ ಗುಡ್ಡೆ ನೋಡುತ್ತೇನೆ. ಅಲ್ಲಿ 10 ಬೀಜವಷ್ಟೇ ಇದ್ದರೆ 17 ಎಲ್ಲಿಂದ ಬರಬೇಕು? ಫೋಲ್ಡ್. 60 ಇದ್ದರೂ ಅವರು ಕೊಡುವವರಾ ಅನ್ನೋದು ಮುಖ್ಯ ಅಲ್ವಾ? ನಮ್ಮ ಜೊತೆ ಒಬ್ಬರು ಮೇಷ್ಟ್ರು ಆಡುತ್ತಾರೆ. ಮೂರನೇ ಆಟೀನ್ ಬಿದ್ದ ಕೂಡಲೇ ಎಲೆ ಕೆಳಗಿಡುತ್ತಾರೆ. ಅವರೆದುರು ಮುಂದೆ ಬರುವ ಬೀಜ ಸೊನ್ನೆ ಅಂತಲೇ ಹಿಡಿಯುತ್ತೇನೆ. ನಮ್ಮ ಭಾವನವರು ರಾಜನ ಜೋಡಿ ಸಿಕ್ಕರೆ ಬಿಡುವವರೇ ಅಲ್ಲ. ಅವರೆದುರು ಅದೇ ಎಲೆಗೆ ಧೈರ್ಯವಾಗಿ ಕಾಲ್ ಮಾಡುತ್ತೇನೆ.

ಸ್ಟ್ರೈಟ್‌ಗೆ, ಅಂದರೆ ಸಾಲಾಗಿ ಬರುವ ಐದು ಎಲೆಗೆ, ಕಾಯುವುದು ನನಗೆ ಇನ್ನೂ ಇಷ್ಟ. ಕೈಯಲ್ಲಿ 9, 8. ಮೇಜಿನ ಮೇಲೆ ರಾಜ, 7, 6, 2. 10 ಅಥವಾ 5 ಬರಬೇಕು, ಒಟ್ಟು 8 ಎಲೆ. ಅದೇ ಬೆಟ್‌ಗೆ ಇಲ್ಲಿ ಸುಮಾರು 26 ಬೀಜ ಮುಂದೆ ಬರಬೇಕು, ಫ್ಲಶ್‌ಗಿಂತ ಜಾಸ್ತಿಯೇ. ಆದರೆ 5 ಬಿದ್ದರೆ ಯಾರಿಗೂ ಅಷ್ಟಾಗಿ ಅನುಮಾನ ಬರುವುದಿಲ್ಲ. ರಾಜ ಹಿಡಿದವರು ಬೆಟ್‌ಗೆ ಒಪ್ಪುತ್ತಾರೆ, ಮೇಷ್ಟ್ರು ಕೂಡ.

ಆಟೀನ್ 5, 4 ಥರದ ಸಣ್ಣ ಎಲೆ ಹಿಡಿದಾಗ ಮಾತ್ರ ಈ ಲೆಕ್ಕವನ್ನು ನಾನು ನಂಬುವುದಿಲ್ಲ. ಫ್ಲಶ್ ಬಂದರೂ, ದೊಡ್ಡ ಬೆಟ್‌ಗೆ ಒಪ್ಪುವವರ ಕೈಯಲ್ಲಿ ನನಗಿಂತ ದೊಡ್ಡ ಆಟೀನ್ ಇರಬಹುದು. ಆಗ ನಾನು ಎಣಿಸಿಟ್ಟ ಆ 17 ಬೀಜ ನನ್ನ ಗುಡ್ಡೆಯಿಂದಲೇ ಹೋಗುತ್ತದೆ.